ಊರು ಬಿಟ್ಟು ಹೋದ ವಿದ್ಯಾರ್ಥಿಗೆ ಹ್ಯಾಕಥಾನ್: ಎರಡು ವರ್ಷಗಳ ಅನುಭವದ ವಿಮರ್ಶೆ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳೇ ಸೇರಿ ನಡೆಸುವ ವಾರಾಂತ್ಯದ ಹ್ಯಾಕಥಾನ್‌ಗಳನ್ನು, ಅಂದರೆ ತಂಡ ಕಟ್ಟಿಕೊಂಡು ನಿಗದಿತ ಗಂಟೆಗಳೊಳಗೆ ಕೋಡ್ ಬರೆದು ಒಂದು ಯೋಜನೆ ರೂಪಿಸುವ ಕೂಟಗಳನ್ನು, ಒಂದು ಸೇವೆಯೆಂದು ಪರಿಗಣಿಸಿ, ಅದನ್ನು ಬಳಸಿದವರ ನೆಲೆಯಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಮಡಿಕೇರಿಯಲ್ಲಿ ಪಿಯುಸಿ ಮುಗಿಸಿ, ವಿದ್ಯಾರ್ಥಿವೇತನ ದೊರೆತದ್ದರಿಂದ ಇಂಡಿಯಾನಾ ರಾಜ್ಯದಲ್ಲಿ ಕಂಪ್ಯೂಟರ್ ಸೈನ್ಸ್ ಪದವಿಗೆ ಸೇರಿದ ನಾನು ಎರಡು ವರ್ಷಗಳಲ್ಲಿ ಒಟ್ಟು 7 ಹ್ಯಾಕಥಾನ್‌ಗಳನ್ನು ಕಂಡಿದ್ದೇನೆ. ಐದರಲ್ಲಿ ಖುದ್ದಾಗಿ ಹೋಗಿ ಭಾಗವಹಿಸಿದೆ, ಒಂದಕ್ಕೆ ಚೇರಂಬಾಣೆಯ ನಮ್ಮ ಮನೆಯಿಂದಲೇ ಆನ್‌ಲೈನ್‌ನಲ್ಲಿ ಸೇರಿಕೊಂಡೆ, ಇನ್ನೊಂದರಲ್ಲಿ ಸ್ವಯಂಸೇವೆ ಮಾಡಿದೆ. ಈಗ ರಜೆಗೆ ಊರಿಗೆ ಬಂದಿದ್ದೇನೆ. ಪಕ್ಕದ ಮನೆಯ ಹುಡುಗಿ ಇದೇ ಓದಿಗಾಗಿ ಜರ್ಮನಿಗೆ ಹೊರಟಿದ್ದಾಳೆ. ಅವಳ ತಾಯಿ ಮೊನ್ನೆ ನಮ್ಮ ಜಗಲಿಯಲ್ಲಿ ಕುಳಿತು ಫೀಸಿನ ಬಗ್ಗೆಯಾಗಲಿ ಪರೀಕ್ಷೆಯ ಬಗ್ಗೆಯಾಗಲಿ ಏನನ್ನೂ ಕೇಳಲಿಲ್ಲ, "ಅಲ್ಲಿ ಅವಳ ಜೊತೆಗೆ ಯಾರಿರುತ್ತಾರೆ?" ಎಂದಷ್ಟೇ ಕೇಳಿದರು. ಆ ಪ್ರಶ್ನೆಗೆ ನನ್ನ ಅನುಭವದಲ್ಲಿ ಸಿಕ್ಕಿದ ಉತ್ತರ ಹ್ಯಾಕಥಾನ್. ಆದ್ದರಿಂದ ಅದರ ಗುಣವನ್ನೂ ಕೊರತೆಯನ್ನೂ ಬಿಡಿಸಿ ಹೇಳುವುದು ಅಗತ್ಯವೆನಿಸಿತು.

ಹ್ಯಾಕ್ ಎಂದೊಡನೆ ಬ್ಯಾಂಕ್ ಖಾತೆಗೆ ಕನ್ನ ಹಾಕುವ ಕೆಲಸವೇ ನೆನಪಾಗುವುದು ನಮ್ಮಲ್ಲಿ ಸಹಜ. ನಮ್ಮ ಚಿಕ್ಕಮ್ಮ ಈ ಪದವನ್ನು ಮೊದಲ ಸಲ ಕೇಳಿದಾಗ ನಿಜಕ್ಕೂ ಗಾಬರಿಯಾಗಿದ್ದರು. ಇಲ್ಲಿ ಆ ಪದಕ್ಕೆ ಸಿಕ್ಕ ಸಾಮಾನಿನಲ್ಲೇ ಜಾಣತನದಿಂದ ಕೆಲಸ ಸಾಗಿಸುವುದು ಎಂಬ ಅರ್ಥವಿದೆ. 1999ರ ಜೂನ್‌ನಲ್ಲಿ ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಬರೆಯುವವರು ಕೆನಡಾದ ಕ್ಯಾಲ್ಗರಿಯಲ್ಲಿ ಒಂದೆಡೆ ಕುಳಿತು ಕೋಡ್ ಬರೆದ ಕೂಟದಿಂದ ಹ್ಯಾಕಥಾನ್ ಎಂಬ ಹೆಸರು ಬಳಕೆಗೆ ಬಂದಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 2009ರಲ್ಲಿ ಆರಂಭವಾದ ಪೆನ್‌ಆಪ್ಸ್ ಈ ಕೂಟವನ್ನು ವಿದ್ಯಾರ್ಥಿಗಳ ಕೈಗೆ ತಂದಿತು. 2013ರಲ್ಲಿ ಹುಟ್ಟಿದ ಮೇಜರ್ ಲೀಗ್ ಹ್ಯಾಕಿಂಗ್ ಸಂಸ್ಥೆ ಈಗ ವರ್ಷಕ್ಕೆ 200ಕ್ಕೂ ಹೆಚ್ಚು ವಿದ್ಯಾರ್ಥಿ ಹ್ಯಾಕಥಾನ್‌ಗಳಿಗೆ ಬೆಂಬಲವಾಗಿ ನಿಲ್ಲುತ್ತದೆ. ನಾನು ಹೋದವುಗಳಲ್ಲಿ ಹೆಚ್ಚಿನವು ಅದರ ವೇಳಾಪಟ್ಟಿಯಲ್ಲಿದ್ದವು. ನಿಯಮ ಸರಳವಾಗಿದೆ: 24 ಅಥವಾ 36 ಗಂಟೆಗಳ ಅವಧಿ, ಸಾಮಾನ್ಯವಾಗಿ ಗರಿಷ್ಠ ನಾಲ್ವರ ತಂಡ, ಯೋಜನೆಯ ಕೋಡ್ ಅಲ್ಲಿಯೇ, ಆ ಅವಧಿಯಲ್ಲೇ ಬರೆದದ್ದಾಗಿರಬೇಕು. ಪ್ರವೇಶ, ಊಟ, ಟೀ ಶರ್ಟು ಎಲ್ಲವೂ ಉಚಿತ. ಖರ್ಚನ್ನು ಪ್ರಾಯೋಜಕ ಕಂಪನಿಗಳು ಮತ್ತು ವಿಶ್ವವಿದ್ಯಾಲಯ ಹೊರುತ್ತವೆ, ದುಡಿಮೆಯನ್ನು ಅಲ್ಲಿನ ವಿದ್ಯಾರ್ಥಿಗಳು ಹೊರುತ್ತಾರೆ.

ಕೊಡಗಿನವರಿಗೆ ಈ ವ್ಯವಸ್ಥೆಯನ್ನು ಅರ್ಥಮಾಡಿಸಲು ಹೆಚ್ಚು ಕಷ್ಟಪಡಬೇಕಾಗಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವವನ್ನು ಪ್ರತಿ ವರ್ಷ ಒಂದೊಂದು ಒಕ್ಕ (ಮನೆತನ) ವಹಿಸಿಕೊಂಡು ನಡೆಸುವುದನ್ನು ನಾವೆಲ್ಲ ನೋಡಿದ್ದೇವೆ. ಆತಿಥ್ಯ ವಹಿಸಿದ ಮನೆಯವರು ತಿಂಗಳುಗಟ್ಟಲೆ ಓಡಾಡುತ್ತಾರೆ, ಬಂದವರು ಆಡುತ್ತಾರೆ, ಗೆದ್ದವರಿಗಿಂತ ಸೇರಿದವರ ಸಂಖ್ಯೆಯೇ ಊರಿನ ಮಾತಾಗುತ್ತದೆ. ವಿದ್ಯಾರ್ಥಿ ಹ್ಯಾಕಥಾನ್‌ನಲ್ಲಿಯೂ ಇದೇ ಹುರುಪು ಇದೆ, ಆದರೆ ಒಂದು ದೊಡ್ಡ ವ್ಯತ್ಯಾಸವೂ ಇದೆ. ಹಾಕಿ ಉತ್ಸವದಲ್ಲಿ ತಂಡ ಹುಟ್ಟಿನಿಂದಲೇ ಸಿಕ್ಕಿರುತ್ತದೆ. ಇಲ್ಲಿ ಅದನ್ನು ಶುಕ್ರವಾರ ರಾತ್ರಿ ಒಂದು ಗಂಟೆಯೊಳಗೆ ಕಟ್ಟಿಕೊಳ್ಳಬೇಕು. ಈ ಸೇವೆಯ ಸತ್ವವಿರುವುದು ಆ ಒಂದು ಗಂಟೆಯಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮೂರಿನಲ್ಲಿ ಹೊಸಬರು ಎದುರಾದರೆ ಮೊದಲು ಕೇಳುವುದು "ಯಾವ ಮನೆಯವರು?" ಎಂದು. ಮನೆಯ ಹೆಸರು ಹೇಳಿದರೆ ಸಾಕು, ಎದುರಿಗಿದ್ದವರು ನಮ್ಮ ಅಜ್ಜನನ್ನೋ ಸೋದರಮಾವನನ್ನೋ ನೆನಪಿಸಿಕೊಂಡು ಒಳಗೆ ಕರೆದು ಕಾಫಿ ಕೊಡುತ್ತಾರೆ. ಇಂಡಿಯಾನಾದಲ್ಲಿ ಮೊದಲ ಆರು ತಿಂಗಳು ನನ್ನ ಮನೆಯ ಹೆಸರನ್ನು ಯಾರೂ ಕೇಳಲಿಲ್ಲ. ತರಗತಿಯಲ್ಲಿ 200 ಮಂದಿ ಇದ್ದರೂ ಪಾಠ ಮುಗಿದ ತಕ್ಷಣ ಎಲ್ಲರೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹೊರಟುಬಿಡುತ್ತಿದ್ದರು. ಮಾತನಾಡಿಸಿದರೆ ಯಾರೂ ಮುಖ ಸಿಂಡರಿಸುತ್ತಿರಲಿಲ್ಲ, ಆದರೆ ಮಾತನಾಡಿಸಲು ಕಾರಣ ಬೇಕಿತ್ತು. ಫೆಬ್ರವರಿಯ ಹಿಮದಲ್ಲಿ, ನೋಟಿಸ್ ಬೋರ್ಡಿನ ಒಂದು ಕಾಗದ ನೋಡಿ, ನಾಲ್ಕು ಗಂಟೆ ಬಸ್ಸಿನಲ್ಲಿ ಕುಳಿತು ನಾನು ಮೊದಲ ಹ್ಯಾಕಥಾನ್‌ಗೆ ಒಬ್ಬಳೇ ಹೋದದ್ದು ಅಂಥದೊಂದು ಕಾರಣ ಸಿಗಬಹುದೆಂಬ ಆಸೆಯಿಂದ.

ತಂಡವಿಲ್ಲದೆ ಬಂದವರನ್ನೆಲ್ಲ ಅಲ್ಲಿ ಒಂದು ದೊಡ್ಡ ತರಗತಿಯ ಕೋಣೆಗೆ ಕರೆದರು. ಸುಮಾರು 70 ಜನರಿದ್ದೆವು. ಬಾಗಿಲಲ್ಲಿ ಒಬ್ಬೊಬ್ಬರಿಗೂ ಎರಡು ಬಣ್ಣದ ಅಂಟುಚೀಟಿ ಕೊಟ್ಟರು: ಹಳದಿಯಲ್ಲಿ ಬಲ್ಲ ಕೆಲಸವನ್ನು, ಹಸಿರಿನಲ್ಲಿ ಮಾಡಬೇಕೆಂದಿರುವುದನ್ನು ಬರೆದು ಅಂಗಿಗೆ ಅಂಟಿಸಿಕೊಳ್ಳಬೇಕು. ಬಳಿಕ ಇಷ್ಟವಿದ್ದವರು ಮುಂದೆ ಬಂದು ಒಂದು ನಿಮಿಷದಲ್ಲಿ ತಮ್ಮ ಯೋಚನೆ ಹೇಳಬೇಕು. ನಾನು ಹಳದಿಯಲ್ಲಿ "ಪೈಥಾನ್, ಸ್ವಲ್ಪ" ಎಂದೂ (ಅದು ಕೋಡ್ ಬರೆಯುವ ಒಂದು ಭಾಷೆ) ಹಸಿರಿನಲ್ಲಿ "ಮಳೆ ಪುಸ್ತಕ" ಎಂದೂ ಬರೆದೆ. ಮುಂದೆ ಹೋಗಿ, ನಮ್ಮ ಅಜ್ಜ 1971ರಿಂದ ಪ್ರತಿದಿನದ ಮಳೆಯನ್ನು ಅಳೆದು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ, ಅದನ್ನು ಕಂಪ್ಯೂಟರ್ ಓದುವಂತೆ ಮಾಡಬೇಕು, ಕಾಫಿ ಬೆಳೆಯುವವರಿಗೆ ಅದು ಬೇಕು ಎಂದು ಹೇಳಿದೆ. ಮಾತು ಮುಗಿಸಿ ಕೆಳಗಿಳಿದಾಗ ಲಾಗೋಸ್‌ನಿಂದ ಬಂದ ಹುಡುಗನೊಬ್ಬ, ಹನೋಯ್‌ನ ಹುಡುಗಿಯೊಬ್ಬಳು ಮತ್ತು ಕಠ್ಮಂಡುವಿನ ಹುಡುಗನೊಬ್ಬ ನನ್ನ ಬಳಿ ಬಂದು ನಿಂತಿದ್ದರು. ಮೂವರೂ ಹೊರದೇಶದವರೇ, ಮೂವರೂ ಒಂಟಿಯಾಗಿ ಬಂದವರೇ. ತಮ್ಮ ಊರಿನ ಗುಂಪು ಜೊತೆಗಿರುವವರು ತಂಡ ಕಟ್ಟಿಕೊಂಡೇ ಬಂದಿರುತ್ತಾರೆ. ಯಾರೂ ಇಲ್ಲದವರು ಒಬ್ಬರನ್ನೊಬ್ಬರು ಕಾಣುವಂತೆ ಮಾಡುವ ಕೋಣೆ ಇದು ಎಂಬುದು ನನಗೆ ನಂತರ ಹೊಳೆಯಿತು.

ಆ ರಾತ್ರಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಸೇವೆ ಏನು ಕೊಡುತ್ತದೆ ಎಂಬುದು ವಿವರದಲ್ಲಿ ಮಾತ್ರ ತಿಳಿಯುತ್ತದೆ. ರಾತ್ರಿ ಒಂದು ಗಂಟೆಗೆ ನಾನು ಅಪ್ಪನಿಗೆ ಕರೆ ಮಾಡಿದೆ. ಊರಿನಲ್ಲಿ ಆಗ ಬೆಳಗ್ಗೆ ಹನ್ನೊಂದೂವರೆ. ಅವರು ಪೆಟ್ಟಿಗೆಯಿಂದ ಅಜ್ಜನ ಪುಸ್ತಕ ತೆಗೆದು, ಜಗಲಿಯ ಬೆಳಕಿನಲ್ಲಿ ಹಾಸಿ, 40 ಪುಟಗಳ ಚಿತ್ರ ತೆಗೆದು ವಾಟ್ಸಾಪಿನಲ್ಲಿ ಕಳುಹಿಸಿದರು. ಹೂಮಳೆ ಇನ್ನೂ ಬಂದಿಲ್ಲವೆಂದೂ ತಿಳಿಸಿದರು. ರೊಬಸ್ಟಾ ಕಾಫಿ ಗಿಡಕ್ಕೆ ಫೆಬ್ರವರಿ, ಮಾರ್ಚಿನಲ್ಲಿ ಒಂದು ಇಂಚಿನಷ್ಟು ಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ತೋಟವಿಡೀ ಬಿಳಿಯಾಗುತ್ತದೆ, ಬಾರದಿದ್ದರೆ ಹೊಳೆಯಿಂದ ನೀರೆತ್ತಿ ಸ್ಪ್ರಿಂಕ್ಲರ್ ಹಾಕಬೇಕಾಗುತ್ತದೆ ಎಂದು ನಾನು ವಿವರಿಸಿದಾಗ ಮೂವರೂ ಕೀಲಿಮಣೆಯಿಂದ ಕೈ ತೆಗೆದು ಕೇಳಿದರು. ಹನೋಯ್‌ನ ಹುಡುಗಿಗೆ ಹೆಚ್ಚು ಹೇಳಬೇಕಾಗಲಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ರೊಬಸ್ಟಾ ಬೆಳೆಯುವ ವಿಯೆಟ್ನಾಂ ಅವಳ ದೇಶ.

ತೊಡಕು ಎದುರಾದದ್ದು ಚಿತ್ರಗಳನ್ನು ತೆರೆದಾಗ. ಅಜ್ಜ ಎಲ್ಲವನ್ನೂ ಕನ್ನಡ ಅಂಕಿಗಳಲ್ಲಿ ಬರೆದಿದ್ದರು. ಚಿತ್ರದಲ್ಲಿನ ಅಂಕಿಗಳನ್ನು ಗುರುತಿಸಲೆಂದು ನಾವು ಇಟ್ಟುಕೊಂಡಿದ್ದ ಕಂಪ್ಯೂಟರ್ ಮಾದರಿ ೧ ಅನ್ನು ಸೊನ್ನೆ ಎಂದು ಓದುತ್ತಿತ್ತು, ಉಳಿದವುಗಳಿಗೆ ಬಾಯಿಗೆ ಬಂದ ಉತ್ತರ ಕೊಡುತ್ತಿತ್ತು. ಇಲ್ಲಿಗೆ ಇದು ನಿಂತಿತು ಎಂದು ನಾನು ಅಂದುಕೊಳ್ಳುತ್ತಿರುವಾಗಲೇ ಲಾಗೋಸ್‌ನ ಗೆಳೆಯ ಹುಡುಕಾಡಿ ಒಂದು ದತ್ತಾಂಶವನ್ನು ತೆರೆದು ತೋರಿಸಿದ. ಅದು ಕನ್ನಡ ಎಂನಿಸ್ಟ್, ಕೈಬರಹದ ಕನ್ನಡ ಅಂಕಿಗಳ ಸಂಗ್ರಹ. ವಿನಯ್ ಉದಯ್ ಪ್ರಭು ಎಂಬ ಸಂಶೋಧಕರು 2019ರಲ್ಲಿ ಅದನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿದ್ದಾರೆ. ಕಲಿಕೆಗೆ 60,000 ಚಿತ್ರಗಳು, ಪರೀಕ್ಷೆಗೆ 10,000 ಚಿತ್ರಗಳು. ಕನ್ನಡದ ಒಂದಕ್ಷರವನ್ನೂ ಅರಿಯದ ಹುಡುಗನೊಬ್ಬ ಇಂಡಿಯಾನಾದ ಹಿಮದ ರಾತ್ರಿಯಲ್ಲಿ ನನ್ನ ಭಾಷೆಯ ಅಂಕಿಗಳನ್ನು ಸಾಲಾಗಿ ಪರದೆಯ ಮೇಲೆ ಹರಡಿ, "ಇದು ಮೂರೋ ಏಳೋ ಹೇಳು" ಎಂದು ಕೇಳಿದ ಆ ಗಳಿಗೆಯಲ್ಲಿ, ಆರು ತಿಂಗಳಲ್ಲಿ ಮೊದಲ ಬಾರಿಗೆ, ನಾನು ಯಾವ ಮನೆಯವಳು ಎಂದು ಯಾರೋ ಕೇಳಿದಂತಾಯಿತು.

ಮಾದರಿ ಕಲಿತ ಮೇಲೂ ಒಂದು ತಪ್ಪು ಉಳಿದಿತ್ತು. ಕೊಡಗಿನ ತೋಟಗಳಲ್ಲಿ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಹೇಳುತ್ತಾರೆ. ಒಂದು ಸೆಂಟ್ ಎಂದರೆ ಇಂಚಿನ ನೂರನೆಯ ಒಂದು ಪಾಲು. ಅಜ್ಜ ಅದನ್ನು ನಡುವೆ ಗೆರೆ ಹಾಕಿ ಬರೆಯುತ್ತಿದ್ದರು. ಕಠ್ಮಂಡುವಿನ ಗೆಳೆಯ ಒಂದು ತಿಂಗಳ ಮೊತ್ತ ಪುಟದ ಕೊನೆಯಲ್ಲಿ ಅಜ್ಜನೇ ಕೂಡಿಸಿದ ಮೊತ್ತಕ್ಕಿಂತ ಹೆಚ್ಚಾಗಿರುವುದನ್ನು ಗಮನಿಸಿದ. "೨-೫" ಎಂದಿದ್ದುದನ್ನು ನಮ್ಮ ಕೋಡ್ ಎರಡೂವರೆ ಇಂಚು, ಅಂದರೆ 63.5 ಮಿಲಿಮೀಟರ್ ಎಂದು ತೆಗೆದುಕೊಂಡಿತ್ತು. ಮತ್ತೆ ಅಪ್ಪನಿಗೆ ಕರೆ ಹೋಯಿತು. "ಅಜ್ಜ ಸೊನ್ನೆ ಹಾಕ್ತಿರಲಿಲ್ಲ. ಐವತ್ತು ಸೆಂಟಾದ್ರೆ ಐವತ್ತು ಅಂತಲೇ ಬರೀತಿದ್ರು. ಐದು ಅಂದ್ರೆ ಬರೀ ಐದೇ," ಎಂದು ಅವರು ಹೇಳಿದರು. ಹಾಗಾಗಿ ಅದು 2.05 ಇಂಚು, 52.07 ಮಿಲಿಮೀಟರ್. ಒಂದು ಸಾಲಿನ ತಿದ್ದುಪಡಿಯಿಂದ ಎಲ್ಲ ತಿಂಗಳುಗಳ ಲೆಕ್ಕ ಸರಿಹೋಯಿತು. ತರಗತಿಯ ಯಾವ ಅಸೈನ್‌ಮೆಂಟಿನಲ್ಲಿಯೂ ಹೀಗೆ ಬಗೆಹರಿಯುವ ಪ್ರಶ್ನೆ ನನಗೆ ಎದುರಾಗಿರಲಿಲ್ಲ.

ಭಾನುವಾರ ಬೆಳಗ್ಗೆ ಯೋಜನೆಯನ್ನು ಡೆವ್‌ಪೋಸ್ಟ್ ತಾಣಕ್ಕೆ ಸಲ್ಲಿಸಿದೆವು. ಬಹುಮಾನವೇನೂ ಬರಲಿಲ್ಲ. ತೀರ್ಪಿನ ವ್ಯವಸ್ಥೆ ಈ ಸೇವೆಯ ದುರ್ಬಲ ಭಾಗವೆಂದು ಸ್ಪಷ್ಟವಾಗಿ ಹೇಳಬೇಕು. ಮೇಜುಗಳ ಸಾಲಿನಲ್ಲಿ ತೀರ್ಪುಗಾರರು ಬರುತ್ತಾರೆ, ಒಂದೊಂದು ತಂಡಕ್ಕೆ ಮೂರು ನಿಮಿಷ ಕೊಡುತ್ತಾರೆ, ಆ ಮೂರು ನಿಮಿಷಗಳಲ್ಲಿ ಪರದೆಯ ಮೇಲೆ ಹೊಳೆಯುವುದೇ ಗೆಲ್ಲುತ್ತದೆ. ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದ ಮೇಲೆ ಮೇಲ್ಮೈಯ ಹೊಳಪು ಇನ್ನೂ ಸುಲಭವಾಗಿದೆ. ಕೋಡನ್ನು ತೆರೆದು ನೋಡುವ, ತಂಡದ ಒಬ್ಬೊಬ್ಬರನ್ನೂ ನೀನು ಏನು ಮಾಡಿದೆ ಎಂದು ಕೇಳುವ ತೀರ್ಪುಗಾರರು ಏಳರಲ್ಲಿ ಎರಡು ಕಡೆ ಮಾತ್ರ ನನಗೆ ಸಿಕ್ಕಿದರು. ಗೆಲ್ಲುವುದಕ್ಕೆಂದೇ ಹೋಗುವವರು ಬೇಸರಪಡುವ ಸಂಭವ ಹೆಚ್ಚು.

ಆದರೆ ಆ ನಾಲ್ವರ ತಂಡ ಉಳಿಯಿತು. ನಾವು ಬೇರೆ ಬೇರೆ ವಿಶ್ವವಿದ್ಯಾಲಯಗಳವರು, ನಡುವೆ ಎರಡು ಮೂರು ಗಂಟೆಗಳ ದಾರಿ. ಆದರೂ ಪ್ರತಿ ಬುಧವಾರ ರಾತ್ರಿ ವೀಡಿಯೊ ಕರೆಯಲ್ಲಿ ಸೇರುವುದು ರೂಢಿಯಾಯಿತು. ಮುಂದಿನ ಮೂರು ಹ್ಯಾಕಥಾನ್‌ಗಳಿಗೆ ಒಟ್ಟಿಗೇ ಹೋದೆವು. ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಹಾಸ್ಟೆಲ್ ಖಾಲಿಯಾಗಿ ಊಟದ ಕೋಣೆಗೂ ಬೀಗ ಬಿದ್ದಾಗ ನಾನು ಹನೋಯ್‌ನ ಗೆಳತಿಯ ಕೋಣೆಯಲ್ಲಿದ್ದೆ. ನಮ್ಮ ಸುಗ್ಗಿ ಹಬ್ಬವಾದ ಹುತ್ತರಿಯ ರಾತ್ರಿ ಅವರೆಲ್ಲ ನನ್ನಲ್ಲಿಗೆ ಬಂದಿದ್ದರು. ಅಕ್ಕಿ ತರಿಯಿಂದ ಕಡುಬು ಮಾಡಿದೆ. ಇಲ್ಲಿಂದ ಒಯ್ದಿದ್ದ ಕಾಚಂಪುಳಿಯನ್ನು (ನಮ್ಮ ಕಡೆಯ ಹುಳಿ ರಸ) ಕೋಳಿ ಸಾರಿಗೆ ಹಾಕಿದಾಗ ಲಾಗೋಸ್‌ನ ಗೆಳೆಯ ಆ ಬಾಟಲಿಯನ್ನು ಮೂಸಿ ನೋಡಿ, ತನ್ನ ಪಾಲಿಗೆ ಇನ್ನೂ ಎರಡು ಚಮಚ ಬೇಕೆಂದ. ಪಕ್ಕದ ಮನೆಯ ಅತ್ತೆ ಕೇಳಿದ ಪ್ರಶ್ನೆಗೆ ನಾನು ಕೊಡಬಹುದಾದ ಉತ್ತರ ಇವರು.

ಕೊರತೆಗಳಿಗೆ ಬರುತ್ತೇನೆ. ಎರಡನೆಯದಾಗಿ ಹೋದ ಹ್ಯಾಕಥಾನ್‌ನಲ್ಲಿ ಬಸ್ಸಿನ ಖರ್ಚನ್ನು ಮರಳಿಸುವುದಾಗಿ ಬರೆದು ತಿಳಿಸಿದ್ದರು. ಹಣ ಕೈಗೆ ಬಂದದ್ದು ನಾಲ್ಕು ತಿಂಗಳ ನಂತರ, ಒಂಬತ್ತು ಇಮೇಲ್‌ಗಳನ್ನು ಕಳುಹಿಸಿದ ಮೇಲೆ. ವಿದ್ಯಾರ್ಥಿವೇತನದಲ್ಲಿ ತಿಂಗಳು ದೂಡುವವರಿಗೆ ಇದು ಸಣ್ಣ ವಿಷಯವಲ್ಲ. ಮರಳಿ ಬರುವುದೆಂದು ನಂಬಿ ಖರ್ಚು ಮಾಡಬೇಡಿ, ಕಳೆದುಕೊಂಡರೂ ಪರವಾಗಿಲ್ಲ ಎನ್ನುವಷ್ಟು ಮಾತ್ರ ಖರ್ಚು ಮಾಡಿ. ಅದೇ ಜಾಗದಲ್ಲಿ ಮಲಗಲೆಂದು ಕೊಟ್ಟ ಕೋಣೆಯಲ್ಲಿ ದೀಪ ಆರಿಸುವ ವ್ಯವಸ್ಥೆಯೇ ಇರಲಿಲ್ಲ. ನಿದ್ದೆಗೆಡುವುದನ್ನು ಸಾಹಸವೆಂಬಂತೆ ಹೊಗಳುವ ಮಾತು ಈ ಕೂಟಗಳಲ್ಲಿ ಕೇಳಿಬರುತ್ತದೆ, ಅದನ್ನು ನಾನು ಒಪ್ಪುವುದಿಲ್ಲ. ಎರಡನೇ ರಾತ್ರಿ ಐದು ಗಂಟೆ ಮಲಗಿದ ತಂಡದ ಕೆಲಸ ಮಲಗದ ತಂಡದ ಕೆಲಸಕ್ಕಿಂತ ಚೆನ್ನಾಗಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಊಟ ಹೆಚ್ಚಾಗಿ ಪಿಜ್ಜಾ; ಸಸ್ಯಾಹಾರಿಗಳಿಗೆ ಸಿಗುತ್ತದೆ, ಅಕ್ಕಿ ಊಟ ಬೇಕೆನ್ನುವವರು ಚಿತ್ರಾನ್ನ ಕಟ್ಟಿಕೊಂಡು ಹೋಗುವುದು ಒಳ್ಳೆಯದು.

ಪ್ರಾಯೋಜಕ ಕಂಪನಿಗಳ ಮೇಜಿನಲ್ಲಿ ಹೊರದೇಶದ ವಿದ್ಯಾರ್ಥಿಗಳಿಗೆ ಆಗುವ ಅನುಭವವನ್ನೂ ಮುಚ್ಚಿಡಬಾರದು. ಮಾತು ಚೆನ್ನಾಗಿ ಸಾಗುತ್ತಿರುತ್ತದೆ, ಅಷ್ಟರಲ್ಲಿ ಮುಂದೆ ಕಂಪನಿಯೇ ವೀಸಾಕ್ಕೆ ಅರ್ಜಿ ಹಾಕಬೇಕಾಗುತ್ತದೆಯೇ ಎಂದು ಕೇಳುತ್ತಾರೆ, ಹೌದೆಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಪದವಿಯ ನಂತರ 12 ತಿಂಗಳು, ವಿಜ್ಞಾನ ಮತ್ತು ತಂತ್ರಜ್ಞಾನದ ವಿಷಯಗಳಲ್ಲಿ ಅದರ ಮೇಲೆ ಇನ್ನೂ 24 ತಿಂಗಳು ಕೆಲಸ ಮಾಡಲು ಅವಕಾಶವಿದೆ. ಇದನ್ನು ತಿಳಿದಿಟ್ಟುಕೊಂಡು ಸ್ಪಷ್ಟವಾಗಿ ಹೇಳಿದರೆ ಕೆಲವರಾದರೂ ಮಾತು ಮುಂದುವರಿಸುತ್ತಾರೆ. ನಗದು ಬಹುಮಾನ ಬಂದರೆ, ತೆರಿಗೆಯ ಲೆಕ್ಕದಲ್ಲಿ ಅನಿವಾಸಿಗಳಾಗಿರುವ ವಿದೇಶೀಯರಿಗೆ ಸಾಮಾನ್ಯವಾಗಿ ಶೇ. 30ರಷ್ಟನ್ನು ಮೊದಲೇ ಮುರಿದುಕೊಂಡು ಕೊಡುತ್ತಾರೆ. ತಂಡದಲ್ಲಿ ಹಂಚಿಕೊಳ್ಳುವ ಮುನ್ನ ಇದನ್ನು ಎಲ್ಲರಿಗೂ ಹೇಳಿಬಿಡಬೇಕು. ಹ್ಯಾಕಥಾನ್‌ನ ಯೋಜನೆಯನ್ನು ವ್ಯಾಪಾರವಾಗಿ ಮುಂದುವರಿಸುವ ಯೋಚನೆ ಬಂದರಂತೂ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಕೇಳದೆ ಹೆಜ್ಜೆ ಇಡಬಾರದು.

ಊರಿನಿಂದ ಆನ್‌ಲೈನ್‌ನಲ್ಲಿ ಭಾಗವಹಿಸಿದ್ದನ್ನು ಪ್ರತ್ಯೇಕವಾಗಿ ಹೇಳುತ್ತೇನೆ. ಕಳೆದ ಜುಲೈನಲ್ಲಿ ಇಲ್ಲಿಂದ ಒಂದಕ್ಕೆ ಸೇರಿದ್ದೆ. ಎರಡನೇ ದಿನ ಗಾಳಿಗೆ ಮರ ಬಿದ್ದು ಕರೆಂಟ್ ಹೋಯಿತು. ನೆಟ್‌ವರ್ಕ್‌ಗಾಗಿ ಕೊಟ್ಟಿಗೆಯ ಹಿಂದಿನ ದಿಬ್ಬ ಹತ್ತಿ, ಕೊಡೆಯ ಕೆಳಗೆ ಲ್ಯಾಪ್‌ಟಾಪ್ ಹಿಡಿದು, ಎರಡು ನಿಮಿಷದ ಡೆಮೊ ವೀಡಿಯೊ ಕಳುಹಿಸಲು ಒಂದು ಗಂಟೆ ನಿಂತೆ. ಕೊನೆಗೆ ಬರಿಯ ಧ್ವನಿಯನ್ನು ಮಾತ್ರ ಕಳುಹಿಸಿದೆ, ಚಿತ್ರವನ್ನು ಗೆಳತಿ ಅಲ್ಲಿಂದ ಜೋಡಿಸಿದಳು. ಈಗಾಗಲೇ ಕಟ್ಟಿಕೊಂಡ ತಂಡವಿದ್ದರೆ ಆನ್‌ಲೈನ್ ಕೂಟ ಸಾಕಾಗುತ್ತದೆ. ಹೊಸಬರನ್ನು ಹುಡುಕಿಕೊಂಡು ಹೋಗುವವರಿಗೆ ಅದನ್ನು ಸೂಚಿಸಲಾರೆ, ಏಕೆಂದರೆ ಪರದೆಯ ಮೇಲೆ ಅಂಗಿಗೆ ಅಂಟಿಸಿದ ಚೀಟಿ ಕಾಣುವುದಿಲ್ಲ, ಮಾತು ಮುಗಿಸಿ ಇಳಿದಾಗ ಬಳಿಗೆ ಬಂದು ನಿಲ್ಲುವವರೂ ಇರುವುದಿಲ್ಲ.

ಪೊನ್ನಂಪೇಟೆಯಲ್ಲೋ ಕುಶಾಲನಗರದಲ್ಲೋ ಮೈಸೂರಿನಲ್ಲೋ ಎಂಜಿನಿಯರಿಂಗ್ ಓದುತ್ತಿರುವವರು ಇದಕ್ಕಾಗಿ ದೇಶ ಬಿಡಬೇಕಾಗಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯ ಮತ್ತು ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇ 2017ರಿಂದ ನಡೆಸುತ್ತಿರುವ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ಗೆ ಆರು ಜನರ ತಂಡ ಬೇಕು, ಅದರಲ್ಲಿ ಒಬ್ಬಳಾದರೂ ವಿದ್ಯಾರ್ಥಿನಿ ಇರಲೇಬೇಕು, ಕಾಲೇಜಿನೊಳಗಿನ ಸುತ್ತಿನಲ್ಲಿ ಮೊದಲು ಆಯ್ಕೆಯಾಗಬೇಕು. ಆದರೆ ಅದರಲ್ಲಿ ತಂಡ ಒಂದೇ ಕಾಲೇಜಿನದಾಗಿರುವುದರಿಂದ, ಅಪರಿಚಿತರ ನಡುವೆ ತಂಡ ಕಟ್ಟುವ ಆ ಒಂದು ಗಂಟೆ ಸಿಗುವುದಿಲ್ಲ. ಬೆಂಗಳೂರಿನಲ್ಲಿ ನಡೆಯುವ ಮುಕ್ತ ಹ್ಯಾಕಥಾನ್‌ಗಳಲ್ಲಿ ಅದು ಸಿಗುತ್ತದೆ. ಡೆವ್‌ಫೋಲಿಯೊ ತಾಣದಲ್ಲಿ ಅವುಗಳ ಪಟ್ಟಿ ಇರುತ್ತದೆ.

ಅಂಕ ಕೊಡಬೇಕೆಂದರೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ತೀರ್ಪಿನ ಆತುರಕ್ಕೂ ನಿದ್ದೆಯ ವ್ಯವಸ್ಥೆಗೂ. ಹೊರದೇಶಕ್ಕೆ ಹೋಗುವವರು ಮೊದಲ ಸೆಮಿಸ್ಟರ್‌ನಲ್ಲೇ ಒಂದಕ್ಕೆ ಹೋಗಬೇಕು. ನಾನು ಆರು ತಿಂಗಳು ಕಾದದ್ದು ತಪ್ಪಾಯಿತು. ಕೋಡ್ ಅಷ್ಟಾಗಿ ಬಾರದಿದ್ದರೂ ಹೋಗಬಹುದು, ಹೊಸಬರಿಗೆಂದೇ ಕಾರ್ಯಾಗಾರಗಳಿರುತ್ತವೆ, ಸಿಕ್ಕಿಹಾಕಿಕೊಂಡರೆ ಬಿಡಿಸಲು ಮೆಂಟರ್‌ಗಳು ರಾತ್ರಿಯಿಡೀ ಓಡಾಡುತ್ತಿರುತ್ತಾರೆ. ಒಂದು ಹೊದಿಕೆ ಮತ್ತು ಎಕ್ಸ್‌ಟೆನ್ಶನ್ ಬಾಕ್ಸ್ ಒಯ್ಯಬೇಕು. ಎಕ್ಸ್‌ಟೆನ್ಶನ್ ಬಾಕ್ಸ್ ಇಟ್ಟುಕೊಂಡವರ ಮೇಜಿಗೆ ಜನ ತಾವಾಗಿಯೇ ಬರುತ್ತಾರೆ. ತಂಡ ಕಟ್ಟುವ ಗಂಟೆಯನ್ನು ಮಾತ್ರ ತಪ್ಪಿಸಿಕೊಳ್ಳಬಾರದು, ಮತ್ತು ಅಲ್ಲಿ ಹೇಳುವುದಕ್ಕೆ ಊರಿನಿಂದ ಏನನ್ನಾದರೂ ಒಯ್ದಿರಬೇಕು. ಎಲ್ಲರೂ ಹೇಳುವ ಚಾಟ್‌ಬಾಟ್ ಯೋಚನೆಗೆ ಅಲ್ಲಿ ಯಾರೂ ತಲೆ ಎತ್ತುವುದಿಲ್ಲ.

ಈ ರಜೆಯಲ್ಲಿ ನಮ್ಮ ತಂಡ 1982ರ ಮಳೆ ಪುಸ್ತಕಕ್ಕೆ ಕೈ ಹಾಕಿದೆ. ಜುಲೈ ತಿಂಗಳ ಪುಟದ ಮೇಲೆ ಎಂದೋ ನೀರು ಬಿದ್ದು ಶಾಯಿ ಹರಡಿದೆ. ಮಾದರಿಗೆ ಓದಲಾಗದ ಆರು ದಿನಗಳ ಅಂಕಿಗಳನ್ನು ಕಳೆದ ಭಾನುವಾರ ಸಂಜೆ ಅಪ್ಪ ವೀಡಿಯೊ ಕರೆಯ ಮುಂದೆ ಕುಳಿತು, ಕನ್ನಡಕವನ್ನು ಹಣೆಗೇರಿಸಿ, ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ಓದಿದರು: ನಾಲ್ಕು, ಗೆರೆ, ಮೂರು, ಏಳು. ನಾನು ಅನುವಾದಿಸಲು ಬಾಯಿ ತೆರೆಯುವ ಮೊದಲೇ ಲಾಗೋಸ್‌ನ ಗೆಳೆಯ ಅದನ್ನು ಬರೆದುಕೊಂಡಿದ್ದ.